ಸೈಟಿನ ಅಡಿಯಲ್ಲಿರುವ ಸರ್ವೆ ನಂಬರು

ಮೈಸೂರಿನ ಮಧ್ಯಮ ವರ್ಗದ ಕುಟುಂಬ ಸ್ಥಿರಾಸ್ತಿಗೆ ಹಣ ಹಾಕುತ್ತದೆ ಎಂದರೆ ಬಹುಮಟ್ಟಿಗೆ ಸೈಟು ಕೊಳ್ಳುತ್ತದೆ ಎಂದೇ ಅರ್ಥ. ಇಪ್ಪತ್ತು–ಮೂವತ್ತು, ಮೂವತ್ತು–ನಲವತ್ತು, ನಲವತ್ತು–ಅರವತ್ತು ಎಂಬ ಅಳತೆಗಳು ಇಲ್ಲಿ ಮಕ್ಕಳ ಬಾಯಲ್ಲೂ ಇವೆ. ಮೂವತ್ತು–ನಲವತ್ತರ ಸೈಟು 1,200 ಚದರಡಿ. ನಲವತ್ತು–ಅರವತ್ತರದು ಅದರ ಎರಡು ಪಟ್ಟು. ಆದರೆ ಈ ಸೈಟುಗಳೆಲ್ಲ ಹುಟ್ಟಿದ್ದು ಎಕರೆ–ಗುಂಟೆಯ ಲೆಕ್ಕದ ಹೊಲಗದ್ದೆಗಳಲ್ಲಿ. ಒಂದು ಗುಂಟೆಗೆ 1,089 ಚದರಡಿ, 40 ಗುಂಟೆಗೆ ಒಂದು ಎಕರೆ. ಗುಂಟೆ ಚದರಡಿಯಾಗುವ ಹಾದಿಯಲ್ಲಿ ಭೂ ಪರಿವರ್ತನೆ, ಲೇಔಟ್ ನಕ್ಷೆಯ ಅನುಮೋದನೆ, ರಸ್ತೆ–ಚರಂಡಿ ಕಾಮಗಾರಿ, ಸೈಟು ಬಿಡುಗಡೆ, ಖಾತೆ ಎಂಬ ಮೆಟ್ಟಿಲುಗಳಿವೆ. ಇವುಗಳಲ್ಲಿ ಒಂದನ್ನು ಹಾರಿದ ಸೈಟು ಕಡಿಮೆ ಬೆಲೆಗೆ ಸಿಗುತ್ತದೆ. ಹೊಸದಾಗಿ ಕೊಳ್ಳಲು ಹೊರಟವರು ಎಡವುವುದು ಬಹುಪಾಲು ಆ ಹಾರಿದ ಮೆಟ್ಟಿಲಿನಲ್ಲೇ.

ಈ ಊರಿನಲ್ಲಿ ಯೋಜಿತ ಬಡಾವಣೆಯ ಚರಿತ್ರೆ ದೊಡ್ಡದು. ಪ್ಲೇಗಿನ ದಿನಗಳ ನಂತರ, 1903ರಲ್ಲಿ, ಊರನ್ನು ಗಾಳಿ–ಬೆಳಕು ಬರುವಂತೆ ವಿಸ್ತರಿಸಲು ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಹಳಬರು ಇವತ್ತಿಗೂ ‘ಸಿಐಟಿಬಿ ಸೈಟು’ ಎನ್ನುವುದು ಆ ಮಂಡಳಿಯ ಇಂಗ್ಲಿಷ್ ಹೆಸರಿನಿಂದಲೇ. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಡಿ 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಬಂತು. 2025ರಲ್ಲಿ ಅದು ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಯಿತು. ವಿಜಯನಗರದ ನಾಲ್ಕು ಹಂತಗಳು, ಜೆ.ಪಿ. ನಗರ, ದಟ್ಟಗಳ್ಳಿ, ರವೀಂದ್ರನಾಥ ಟ್ಯಾಗೋರ್ ನಗರದಂಥ ಬಡಾವಣೆಗಳು ಹೀಗೆ ಪ್ರಾಧಿಕಾರದ ಕೈಯಲ್ಲಿ ಬೆಳೆದವು. ಆಮೇಲೆ ಬೇಡಿಕೆಯ ವೇಗಕ್ಕೆ ಸರ್ಕಾರಿ ಹಂಚಿಕೆ ಸಾಲದೆ ಖಾಸಗಿ ಲೇಔಟುಗಳು ರಿಂಗ್ ರಸ್ತೆಯನ್ನು ದಾಟಿ ಬೋಗಾದಿ, ಹುಣಸೂರು, ತಿ. ನರಸೀಪುರ, ನಂಜನಗೂಡು, ಎಚ್.ಡಿ. ಕೋಟೆ ರಸ್ತೆಗಳುದ್ದಕ್ಕೂ ಹಬ್ಬಿದವು.

ಇಂದು ಮಾರಾಟಕ್ಕೆ ಬರುವ ಸೈಟುಗಳನ್ನು ಅವುಗಳ ಹುಟ್ಟಿನಿಂದ ಗುರುತಿಸಬೇಕು. ಪ್ರಾಧಿಕಾರವೇ ಹಂಚಿದ ಸೈಟು ಒಂದು ಬಗೆ. ಇದಕ್ಕೆ ಮೊದಲು ಲೀಸ್ ಕಂ ಸೇಲ್ ಕರಾರು ಆಗಿ, ಷರತ್ತಿನ ಅವಧಿ ಮುಗಿದ ಮೇಲೆ ಪ್ರಾಧಿಕಾರ ಶುದ್ಧ ಕ್ರಯಪತ್ರ ಮಾಡಿಕೊಡುತ್ತದೆ. ಕ್ರಯಪತ್ರ ಆಗದ ಹಂಚಿಕೆ ಸೈಟನ್ನು ಕರಾರಿನ ಮೇಲೆ ಕೊಳ್ಳುವುದು ಬೇಡ. ಹಂಚಿಕೆ ಯಾವ ಯೋಜನೆಯಲ್ಲಿ, ಯಾವ ಆದೇಶದ ಮೇಲೆ ಆಯಿತು ಎಂಬುದನ್ನೂ ಕೇಳಿ ನೋಡಬೇಕು. ಜಮೀನು ಕಳೆದುಕೊಂಡವರಿಗೆ 50:50 ಅನುಪಾತದಲ್ಲಿ ಬದಲಿ ನಿವೇಶನ ಕೊಟ್ಟ ಪ್ರಕರಣಗಳು 2024ರಲ್ಲಿ ತನಿಖೆಗೆ ಒಳಗಾದುದನ್ನು ರಾಜ್ಯವೇ ಕಂಡಿದೆ. ಮೂಲೆ ನಿವೇಶನಗಳನ್ನು ಪ್ರಾಧಿಕಾರ ಹರಾಜು ಹಾಕುತ್ತದೆ. ಬೆಲೆ ಏರಿದರೂ ಅಲ್ಲಿ ಮಧ್ಯವರ್ತಿಯ ಕಾಟವಿಲ್ಲ.

ಎರಡನೆಯದು ಪ್ರಾಧಿಕಾರದ ಅನುಮೋದನೆ ಪಡೆದ ಖಾಸಗಿ ಲೇಔಟಿನ ಸೈಟು. ಫ್ಲೆಕ್ಸಿನಲ್ಲಿ ‘ಅಪ್ರೂವ್ಡ್’ ಎಂಬ ಪದ ಇದ್ದರೆ ಸಾಲದು. ಉದ್ಯಾನ, ರಸ್ತೆ, ನಾಗರಿಕ ಸೌಲಭ್ಯಕ್ಕೆ ಬಿಟ್ಟು ಉಳಿದ, ಸುಮಾರು ಅರ್ಧದಷ್ಟು ಜಾಗ ಮಾತ್ರ ಸೈಟಾಗುತ್ತದೆ. ಕಾಮಗಾರಿ ಮುಗಿಯುತ್ತ ಬಂದಂತೆ ಪ್ರಾಧಿಕಾರ ಸೈಟುಗಳನ್ನು ಕಂತುಕಂತಾಗಿ ಬಿಡುಗಡೆ ಮಾಡುತ್ತದೆ. ಹಾಗಾಗಿ ಲೇಔಟಿಗೆ ಅನುಮೋದನೆ ಇದ್ದರೂ ಕೊಳ್ಳಹೊರಟ ಸೈಟಿನ ಸಂಖ್ಯೆ ಬಿಡುಗಡೆಯಾದ ಪಟ್ಟಿಯಲ್ಲಿ ಇದೆಯೇ ಎಂದು ನೋಡದೆ ಮುಂದುವರಿಯಬಾರದು. ಮೂರನೆಯದು ಗೃಹ ನಿರ್ಮಾಣ ಸಹಕಾರ ಸಂಘದ ಸೈಟು. ಮೈಸೂರಿನಲ್ಲಿ ಒಳ್ಳೆಯ ಸಂಘಗಳು ಒಳ್ಳೆಯ ಬಡಾವಣೆ ಕಟ್ಟಿವೆ. ಹಣ ಕಟ್ಟಿ ವರ್ಷಗಟ್ಟಲೆ ಕಾದ ಸದಸ್ಯರೂ ಇದ್ದಾರೆ. ಸಂಘದ ಹೆಸರಿಗೆ ಜಮೀನು ನೋಂದಣಿಯಾಗಿದೆಯೇ, ಅಥವಾ ರೈತರೊಂದಿಗೆ ಬರೀ ಕರಾರು ಆಗಿದೆಯೇ ಎಂಬುದೇ ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ.

ನಾಲ್ಕನೆಯದು ರೆವಿನ್ಯೂ ಸೈಟು. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ, ಅಥವಾ ಪರಿವರ್ತನೆ ಆಗಿದ್ದರೂ ನಕ್ಷೆಗೆ ಅನುಮೋದನೆ ಪಡೆಯದೆ, ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟು ಮಾರಿದ ಜಾಗ ಇದು. ಬಡ ಕೆಳಮಧ್ಯಮ ವರ್ಗದವರು ಹೆಚ್ಚು ಕೊಳ್ಳುವುದೂ, ಹೆಚ್ಚು ಕಳೆದುಕೊಳ್ಳುವುದೂ ಇಲ್ಲೇ. ಇಂಥ ಸೈಟುಗಳನ್ನು ಬಹಳ ಕಾಲ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮತ್ತು ಕರಾರು ಪತ್ರದ ಮೇಲೆ ಮಾರಲಾಯಿತು. ಜಿಪಿಎ ಮೂಲಕ ನಡೆದ ವ್ಯವಹಾರದಿಂದ ಒಡೆತನ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ‘ಇವತ್ತಲ್ಲ ನಾಳೆ ಸಕ್ರಮ ಆಗುತ್ತೆ ಬಿಡಿ ಸಾರ್’ ಎಂಬ ಬ್ರೋಕರ್ ಮಾತಿಗೆ ಮರುಳಾಗಬಾರದು. ರಾಜ್ಯದ ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿತು. ಬಿ–ಖಾತೆ ಎಂಬುದು ಆಸ್ತಿಯನ್ನು ಲೆಕ್ಕಕ್ಕೆ ತಂದು ತೆರಿಗೆ ಕಟ್ಟಿಸಿಕೊಳ್ಳುವ ಏರ್ಪಾಡು. ಅನುಮೋದನೆ ಇಲ್ಲದ ಲೇಔಟನ್ನು ಅದು ಅನುಮೋದಿತ ಮಾಡುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ–ಸ್ವತ್ತಿನ ನಮೂನೆ 9 ಮತ್ತು 11ಎ ಅಧಿಕೃತ ಆಸ್ತಿಗೆ, 11ಬಿ ಅಧಿಕೃತವಲ್ಲದ ಆಸ್ತಿಗೆ ಎಂಬುದು ಗೊತ್ತಿದ್ದರೆ ಅರ್ಧ ಮೋಸ ತಪ್ಪುತ್ತದೆ.

ಅನುಮೋದನೆ ಇದ್ದ ಮಾತ್ರಕ್ಕೆ ಎಲ್ಲ ಮುಗಿಯಿತೇ? ಇಲ್ಲ ಎಂಬುದಕ್ಕೆ ಮೈಸೂರಿನ ಒಡಲಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಚಾಮುಂಡಿ ಬೆಟ್ಟದ ಬುಡದ ಕುರುಬಾರಹಳ್ಳಿ ಸರ್ವೆ ನಂಬರ್ 4 ಮತ್ತು ಆಲನಹಳ್ಳಿ ಸರ್ವೆ ನಂಬರ್ 41 ಸೇರಿ ಒಂದೂವರೆ ಸಾವಿರ ಎಕರೆಗೂ ಮಿಕ್ಕಿದ ಪ್ರದೇಶ. ಇದರ ಒಂದು ಭಾಗದಲ್ಲಿ ಸಿದ್ಧಾರ್ಥನಗರ, ಕೆ.ಸಿ. ನಗರ, ಜೆ.ಸಿ. ನಗರದಂಥ ಬಡಾವಣೆಗಳಿವೆ. ಸರ್ಕಾರಿ ಸಂಸ್ಥೆಯೇ ರೂಪಿಸಿ ಹಂಚಿದ ನಿವೇಶನಗಳಲ್ಲಿ ಜನ ದಶಕಗಳಿಂದ ಮನೆ ಕಟ್ಟಿಕೊಂಡು ತೆರಿಗೆ ಕಟ್ಟುತ್ತ ಬಂದಿದ್ದರು. 2015ರಲ್ಲಿ ಜಿಲ್ಲಾಡಳಿತದ ಆದೇಶ ಈ ಸರ್ವೆ ನಂಬರುಗಳನ್ನು ‘ಬಿ’ ಖರಾಬು, ಅಂದರೆ ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದ ಸರ್ಕಾರಿ ಜಾಗ, ಎಂದು ಗುರುತಿಸಿತು. ಅಲ್ಲಿಂದಾಚೆಗೆ ಖಾತೆ ಬದಲಾವಣೆ ನಿಂತಿತು, ಮಾರಾಟ ನಿಂತಿತು, ಮನೆ ನಕ್ಷೆಗೆ ಅನುಮತಿ ಸಿಗದಾಯಿತು. ಮಗಳ ಮದುವೆಗೋ ಮಗನ ಓದಿಗೋ ಮನೆಯನ್ನು ಅಡವಿಡಬೇಕೆಂದವರು ವರ್ಷಗಟ್ಟಲೆ ಕಚೇರಿ–ಕೋರ್ಟು ಅಲೆಯಬೇಕಾಯಿತು. ಆ ನಿವಾಸಿಗಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಮನೆಯ ಬಾಗಿಲ ಸಂಖ್ಯೆ, ಸೈಟಿನ ಸಂಖ್ಯೆ, ಬಡಾವಣೆಯ ಹೆಸರು ಎಲ್ಲವೂ ಸರಿಯಾಗಿದ್ದವು. ಪ್ರಶ್ನೆ ಎದ್ದಿದ್ದು ಇವೆಲ್ಲದರ ಅಡಿಯಲ್ಲಿದ್ದ ಸರ್ವೆ ನಂಬರಿನ ಬಗ್ಗೆ.

ಆದ್ದರಿಂದ ಕಾಗದ ನೋಡುವ ಕೆಲಸ ಸೈಟಿನಿಂದ ಶುರುವಾಗಿ ಹಿಂದಕ್ಕೆ, ಸರ್ವೆ ನಂಬರಿನವರೆಗೆ ಹೋಗಬೇಕು. ಮಾರುವವರ ಕ್ರಯಪತ್ರ, ಅವರಿಗೆ ಮಾರಿದವರ ಕ್ರಯಪತ್ರ, ಲೇಔಟ್ ಮಾಡಿದವರಿಗೆ ರೈತ ಬರೆದುಕೊಟ್ಟ ಪತ್ರ, ರೈತನಿಗೆ ಜಮೀನು ಬಂದ ಬಗೆ, ಹೀಗೆ ಕೊಂಡಿ ಕಳಚದೆ ಸಾಗಬೇಕು. ಜಮೀನಿನ ಕಾಲದ ಪಹಣಿ, ಮ್ಯುಟೇಷನ್, ಆಕಾರ್‌ಬಂದ್, ಗ್ರಾಮ ನಕ್ಷೆ ಕಂದಾಯ ಇಲಾಖೆಯಲ್ಲಿ ಸಿಗುತ್ತವೆ. ಆಕಾರ್‌ಬಂದ್ ನೋಡಿದರೆ ಖರಾಬು ಎಷ್ಟು ಗುಂಟೆ ಎಂಬುದು ತಿಳಿಯುತ್ತದೆ. ಸರ್ವೆ ಇಲಾಖೆಯ ‘ದಿಶಾಂಕ್’ ಆ್ಯಪ್ ಹಿಡಿದು ಸೈಟಿನ ಮೇಲೆ ನಿಂತರೆ ಕಾಲಡಿಯ ಸರ್ವೆ ನಂಬರು ಮೊಬೈಲಿನಲ್ಲೇ ಕಾಣುತ್ತದೆ. ಪಕ್ಕದಲ್ಲಿ ಕೆರೆಯೋ ರಾಜಕಾಲುವೆಯೋ ಗೋಮಾಳವೋ ಇದ್ದರೆ ಅದೂ ತಿಳಿಯುತ್ತದೆ. ಬೇಸಿಗೆಯಲ್ಲಿ ಬಯಲಿನಂತೆ ಕಾಣುವ ಕೆರೆಯಂಗಳಗಳು ಈ ಊರಿನ ಸುತ್ತ ಹಲವಿವೆ.

ಋಣಭಾರ ಪತ್ರ, ಜನರ ಮಾತಿನಲ್ಲಿ ಇಸಿ, ಎಲ್ಲರಿಗೂ ಗೊತ್ತಿರುವ ಕಾಗದ. ಆದರೆ ಅದರ ಮಿತಿ ಗೊತ್ತಿರುವವರು ಕಡಿಮೆ. ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಬರುತ್ತವೆ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿರುವ ದಾವೆ ಅದರಲ್ಲಿ ಕಾಣದಿರಬಹುದು. ‘ಕಾವೇರಿ’ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಇಸಿ ಮನೆಯಲ್ಲೇ ಕುಳಿತು ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಕೊಡಬೇಕು. ಮೂವತ್ತು ವರ್ಷದ ಇಸಿ ತೆಗೆಸುವುದು ವಾಡಿಕೆ, ಅದು ಒಳ್ಳೆಯ ವಾಡಿಕೆ. ಕ್ರಯಪತ್ರದ ಮೂಲ ಪ್ರತಿಯನ್ನು ಕಣ್ಣಾರೆ ಕಾಣದೆ ಮುಂಗಡ ಕೊಡಬಾರದು. ‘ಮೂಲ ಪತ್ರ ಲಾಕರಿನಲ್ಲಿದೆ, ಜೆರಾಕ್ಸ್ ನೋಡಿ’ ಎಂದರೆ ಆ ಪತ್ರ ಯಾವುದೋ ಬ್ಯಾಂಕಿನಲ್ಲಿ ಸಾಲಕ್ಕೆ ಅಡಮಾನವಾಗಿ ಕುಳಿತಿರಬಹುದು.

ಕ್ರಯಪತ್ರದ ಕೊನೆಯ ಭಾಗದಲ್ಲಿರುವ ಷೆಡ್ಯೂಲನ್ನು ಹೆಚ್ಚಿನವರು ಓದುವುದೇ ಇಲ್ಲ. ಅಲ್ಲಿ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ 62, ಉತ್ತರಕ್ಕೆ 46, ದಕ್ಷಿಣಕ್ಕೆ 48. ಈ ಹಾಳೆಯನ್ನು ಕೈಯಲ್ಲಿ ಹಿಡಿದು ಸೈಟಿನ ನಡುವೆ ನಿಲ್ಲಬೇಕು. ಪತ್ರದಲ್ಲಿ ಪೂರ್ವಕ್ಕಿದ್ದ ರಸ್ತೆ ನೆಲದ ಮೇಲೆ ಉತ್ತರಕ್ಕೆ ಬಂದಿದ್ದರೆ ತೋರಿಸುತ್ತಿರುವ ಸೈಟು ಬೇರೆ, ಬರೆದುಕೊಡುತ್ತಿರುವ ಸೈಟು ಬೇರೆ. ಪಕ್ಕದ ಸೈಟಿನವರು ಮನೆ ಕಟ್ಟಿದ್ದರೆ ಅವರ ಬಾಗಿಲು ತಟ್ಟಿ ಅವರ ಸೈಟಿನ ಸಂಖ್ಯೆ ಕೇಳಬೇಕು. ಆಮೇಲೆ ಟೇಪು ಹಿಡಿದು ನಾಲ್ಕೂ ಬದಿ ಅಳೆಯಬೇಕು. ಮೂವತ್ತು ಅಡಿಯಿರಬೇಕಾದ ಜಾಗ ಇಪ್ಪತ್ತೆಂಟೂವರೆ ಬಂದರೆ ಉಳಿದ ಒಂದೂವರೆ ಅಡಿ ಯಾರ ಕಾಂಪೌಂಡಿನೊಳಗೆ ಸೇರಿದೆ ಎಂಬುದು ನೋಂದಣಿಗೆ ಮೊದಲೇ ತೀರ್ಮಾನವಾಗಬೇಕು. ಅರ್ಧ ದಿನದ ಈ ಕೆಲಸಕ್ಕೆ ವಕೀಲರೂ ಬೇಡ, ದುಡ್ಡೂ ಬೇಡ.

ವಕೀಲರು ಬೇಕಾಗುವುದು ಹಕ್ಕಿನ ಪ್ರಶ್ನೆಗಳಿಗೆ. ಅದರಲ್ಲಿ ಎರಡನ್ನು ಬಿಡಿಸಿ ಹೇಳಲೇಬೇಕು. ಮೊದಲನೆಯದು ಹೆಣ್ಣುಮಕ್ಕಳ ಪಾಲು. ಪಿತ್ರಾರ್ಜಿತ ಜಮೀನನ್ನು ಅಪ್ಪ–ಗಂಡುಮಕ್ಕಳಷ್ಟೇ ಸೇರಿ ಮಾರಿದ ಪತ್ರಗಳು ಮೈಸೂರು ಸುತ್ತಲಿನ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಕರ್ನಾಟಕದಲ್ಲಿ 1994ರಿಂದಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಇತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಹುಟ್ಟಿನಿಂದಲೇ ಬರುವ ಆ ಹಕ್ಕಿಗೆ 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿತು. ಹಾಗಾಗಿ ವಂಶವೃಕ್ಷ ತರಿಸಿ, ಅದರಲ್ಲಿರುವ ಅಕ್ಕ–ತಂಗಿಯರೆಲ್ಲ ಪತ್ರಕ್ಕೆ ಸಹಿ ಹಾಕಿದ್ದಾರೆಯೇ ಎಂದು ನೋಡಬೇಕು. ಇದು ಕೊಳ್ಳುವವರ ರಕ್ಷಣೆಗೂ ಹೌದು, ಆ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ನ್ಯಾಯವೂ ಹೌದು.

ಎರಡನೆಯದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ಅದು 1978ರ ಪಿಟಿಸಿಎಲ್ ಕಾಯ್ದೆಯಂತೆ ಅಸಿಂಧು. ಭೂಮಿ ವಾಪಸು ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಬಡವರ ತುತ್ತಿನ ಭೂಮಿ ಪುಡಿಗಾಸಿಗೆ ಕೈಬಿಟ್ಟು ಹೋಗದಿರಲೆಂದು ಬಂದ ಕಾಯ್ದೆ ಇದು, ಅದನ್ನು ಸುತ್ತಿ ಬಳಸಿ ದಾಟುವ ದಾರಿ ಹುಡುಕಬಾರದು. ಪಹಣಿ–ಮ್ಯುಟೇಷನ್‌ನಲ್ಲಿ ದರಖಾಸ್ತು ಅಥವಾ ಮಂಜೂರಾತಿಯ ಸುಳಿವು ಸಿಕ್ಕರೆ ಮೂಲ ಮಂಜೂರಾತಿ ಆದೇಶವನ್ನೂ ಅನುಮತಿಯನ್ನೂ ನೋಡುವವರೆಗೆ ಕೈಹಾಕಬಾರದು. ಕೊಳ್ಳುವ ಮುನ್ನ ವಕೀಲರ ಮೂಲಕ ‘ಮೈಸೂರು ಮಿತ್ರ’, ‘ಆಂದೋಲನ’ದಂಥ ಸ್ಥಳೀಯ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸುವ ರೂಢಿ ಇದೆ. ತಕರಾರು ಇರುವವರು ಆಗಲೇ ಮುಂದೆ ಬರಲು ಅದೊಂದು ಅವಕಾಶ.

ಕಾಗದ ಸರಿಯಿದ್ದರೆ ಮುಂದಿನ ಪ್ರಶ್ನೆ ನೀರಿನದು. ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಕಾವೇರಿಯೂ ಬಿದರಗೂಡಿನಿಂದ ಕಬಿನಿಯೂ ನಗರಕ್ಕೆ ಬರುತ್ತವೆ. ಆದರೆ ರಿಂಗ್ ರಸ್ತೆಯಾಚೆಯ ಅನೇಕ ಖಾಸಗಿ ಲೇಔಟುಗಳು ಇನ್ನೂ ಕೊಳವೆಬಾವಿಯನ್ನೇ ನಂಬಿವೆ. ಒಳಚರಂಡಿಯ ಕೊಳವೆ ಲೇಔಟಿನ ಗೇಟಿನವರೆಗೆ ಬಂದು, ಅಲ್ಲಿಂದಾಚೆ ಸೇರಲು ದಾರಿಯಿಲ್ಲದೆ ತೆರೆದ ಜಾಗಕ್ಕೋ ಕೆರೆಗೋ ಹರಿಯುವುದೂ ಉಂಟು. ಲೇಔಟನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಿದ್ದಾರೆಯೇ ಎಂದು ಕೇಳುವುದು ಇದಕ್ಕಾಗಿಯೇ. ಹಸ್ತಾಂತರವಾಗದಿದ್ದರೆ ಬೀದಿದೀಪ, ಕಸ, ನೀರು ಎಲ್ಲಕ್ಕೂ ನಿವಾಸಿಗಳೇ ಕೈಯಿಂದ ಹಾಕಬೇಕು. ಹೂಟಗಳ್ಳಿ ನಗರಸಭೆಯಾಗಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾಗಿ ಮಾರ್ಪಟ್ಟ ಮೇಲೆ ಯಾವ ಸೈಟಿಗೆ ಯಾವ ಕಚೇರಿ ಖಾತೆ ಕೊಡುತ್ತದೆ ಎಂಬುದನ್ನೂ ತಿಳಿದಿರಬೇಕು. ಹತ್ತು–ಹದಿನೈದು ಕಿಲೋಮೀಟರ್ ಹೊರಗಿನ ಸೈಟನ್ನು ಮಾರುವವರು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯನ್ನೂ ಮಂಡಕಳ್ಳಿ ವಿಮಾನ ನಿಲ್ದಾಣದ ವಿಸ್ತರಣೆಯನ್ನೂ ಮುಂದಿಟ್ಟು ಬೆಲೆ ಹೇಳುತ್ತಾರೆ. ಹೆದ್ದಾರಿ ಎಲ್ಲ ಸೈಟಿಗೂ ಸಮನಾಗಿ ಬೆಲೆ ತರುವುದಿಲ್ಲ. ಆ ಲೇಔಟಿನಲ್ಲಿ ಸಂಜೆ ಏಳು ಗಂಟೆಗೆ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತದೆ ಎಂದು ಹೋಗಿ ನೋಡಿದರೆ ಹೆಚ್ಚು ತಿಳಿಯುತ್ತದೆ.

ಇನ್ನು ಹಣದ ಲೆಕ್ಕ. ಮಾರುವವರ ಜೊತೆ ಕುದುರಿದ ಬೆಲೆಯೇ ಕೊನೆಯ ಖರ್ಚಲ್ಲ. ನಗರ ಪ್ರದೇಶದ ಸೈಟಿಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿರುವ ನೋಂದಣಿ ಶುಲ್ಕ, ಒಟ್ಟು ಶೇ 7.6. ಮಾರ್ಗಸೂಚಿ ದರ ಮತ್ತು ಕ್ರಯದ ಮೊತ್ತ ಇವೆರಡರಲ್ಲಿ ಹೆಚ್ಚಿರುವುದರ ಮೇಲೆ ಇದನ್ನು ಕಟ್ಟಬೇಕು. ರೂ. 40 ಲಕ್ಷದ ಸೈಟಿಗೆ ರೂ. 3,04,000. ಬೆಲೆ ರೂ. 50 ಲಕ್ಷ ಮುಟ್ಟಿದರೆ ಅಥವಾ ದಾಟಿದರೆ ಕೊಳ್ಳುವವರೇ ಶೇ 1 ಟಿಡಿಎಸ್ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ‘ಅರ್ಧ ವೈಟು, ಅರ್ಧ ಬ್ಲ್ಯಾಕು’ ಎಂಬ ಮಾತಿಗೆ ಒಪ್ಪಲೇಬಾರದು: ಸ್ಥಿರಾಸ್ತಿ ವ್ಯವಹಾರದಲ್ಲಿ ರೂ. 20,000 ಅಥವಾ ಅದಕ್ಕೆ ಹೆಚ್ಚು ನಗದು ಪಡೆಯುವುದು ಕಾನೂನಿಗೆ ವಿರುದ್ಧ. ಅಷ್ಟೇ ಅಲ್ಲ, ಕ್ರಯಪತ್ರದಲ್ಲಿ ಕಾಣದ ಆ ಹಣ ಮುಂದೆ ಸೈಟು ಮಾರುವಾಗ ಲಾಭದ ಲೆಕ್ಕಕ್ಕೆ ಸೇರಿ ತೆರಿಗೆಯನ್ನು ಹೆಚ್ಚಿಸುತ್ತದೆ.

ಸಾಲ ಮಾಡುವವರು ಕಂತಿನ ಜೊತೆಗೆ ಒಟ್ಟು ಮೊತ್ತವನ್ನೂ ನೋಡಬೇಕು. ರೂ. 30 ಲಕ್ಷವನ್ನು ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು ರೂ. 26,035, ಕೊನೆಗೆ ಕಟ್ಟಿದ್ದು ರೂ. 62 ಲಕ್ಷಕ್ಕೂ ಮೇಲೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ರೂ. 30 ಲಕ್ಷದವರೆಗಿನ ಗೃಹಸಾಲ ಆಸ್ತಿ ಬೆಲೆಯ ಶೇ 90ರಷ್ಟು, ರೂ. 75 ಲಕ್ಷದವರೆಗಿನದು ಶೇ 80ರಷ್ಟು ಸಿಗಬಹುದು. ಉಳಿದುದೂ ನೋಂದಣಿ ಖರ್ಚೂ ಕೈಯಲ್ಲಿರಬೇಕು. ಖಾಲಿ ಸೈಟಿನ ಸಾಲಕ್ಕೆ, ಮನೆ ಕಟ್ಟುವವರೆಗೆ, ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿ ಇಲ್ಲ. ಬ್ಯಾಂಕ್ ಸಾಲ ಕೊಡಲು ಹಿಂಜರಿದ ಸೈಟನ್ನು ಕೈಸಾಲ ಮಾಡಿ ಕೊಳ್ಳುವುದು ಹೊಸಬರು ಮಾಡುವ ಅತಿ ದೊಡ್ಡ ತಪ್ಪು. ಬ್ಯಾಂಕಿನ ವಕೀಲರು ಕಾಗದದಲ್ಲಿ ಏನೋ ಕೊರತೆ ಕಂಡಿರುತ್ತಾರೆ.

ಫ್ಲ್ಯಾಟ್ ಕೊಳ್ಳುವವರಿಗೆ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಒಂದು ಆಸರೆ. 500 ಚದರ ಮೀಟರ್ ಮೀರಿದ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟಿನ ಯೋಜನೆ ರೇರಾದಲ್ಲಿ ನೋಂದಣಿಯಾಗಿರಬೇಕು. ದೊಡ್ಡ ಲೇಔಟುಗಳಿಗೂ ಇದು ಅನ್ವಯ. ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಕಟ್ಟಡದ ರಚನಾ ದೋಷಕ್ಕೆ ಐದು ವರ್ಷ ಬಿಲ್ಡರೇ ಹೊಣೆ. ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಇದೆ. ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಮಾರಿದುದಕ್ಕೆ ಇಲ್ಲ.

ಆದಾಯದ ನಿರೀಕ್ಷೆ ಇಟ್ಟುಕೊಂಡವರು ಈ ಲೆಕ್ಕ ಹಾಕಿ ನೋಡಬೇಕು: ರೂ. 80 ಲಕ್ಷದ ಮನೆಗೆ ತಿಂಗಳಿಗೆ ರೂ. 20,000 ಬಾಡಿಗೆ ಬಂದರೆ ವರ್ಷಕ್ಕೆ ಶೇ 3. ತೆರಿಗೆ, ಸುಣ್ಣ–ಬಣ್ಣ, ಮನೆ ಖಾಲಿ ಬಿದ್ದ ತಿಂಗಳು ಕಳೆದರೆ ಇನ್ನೂ ಕಡಿಮೆ. ಖಾಲಿ ಸೈಟಿನಿಂದ ಅದೂ ಇಲ್ಲ, ಬೆಲೆ ಏರಿಕೆಯೊಂದೇ ಗತಿ. ಎರಡು ವರ್ಷ ಇಟ್ಟುಕೊಂಡು ಮಾರಿದರೆ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಗೆ ಹಣದುಬ್ಬರ ಕಳೆದು ಶೇ 20 ಕಟ್ಟುವ ಆಯ್ಕೆಯೂ ನಿವಾಸಿ ಭಾರತೀಯರಿಗಿದೆ. ಐದಾರು ವರ್ಷದೊಳಗೆ ಬೇಕಾಗುವ ಹಣವನ್ನು ನೆಲದಲ್ಲಿ ಹಾಕಬಾರದು. ಬ್ಯಾಂಕಿನ ಠೇವಣಿಯಂತೆ ನಾಳೆ ಬೆಳಿಗ್ಗೆ ಸೈಟನ್ನು ಮುರಿಸಿ ನಗದು ತರಲಾಗುವುದಿಲ್ಲ.

ನೋಂದಣಿ ಮುಗಿಸಿ ಪತ್ರವನ್ನು ದೇವರ ಮುಂದಿಟ್ಟರೆ ಕೆಲಸ ಮುಗಿದಂತಲ್ಲ. ಖಾತೆ ತಮ್ಮ ಹೆಸರಿಗೆ ಆಗಬೇಕು, ಇ–ಖಾತೆಯಲ್ಲಿ ಅಳತೆ–ಚಕ್ಕುಬಂದಿ ಸರಿಯಾಗಿ ಬಂದಿರಬೇಕು, ಕಂದಾಯ ವರ್ಷವರ್ಷವೂ ಕಟ್ಟಿ ರಸೀದಿ ಇಡಬೇಕು. ಖಾಲಿ ಸೈಟಿಗೆ ತಂತಿ ಬೇಲಿ ಹಾಕಿಸಿ ಹೆಸರಿನ ಫಲಕ ನಿಲ್ಲಿಸಬೇಕು. ಹೊರದೇಶದಲ್ಲೋ ಬೇರೆ ಊರಲ್ಲೋ ಇರುವವರ ಸೈಟುಗಳೇ ನಕಲಿ ದಾಖಲೆ ಸೃಷ್ಟಿಸುವವರ ಕಣ್ಣಿಗೆ ಮೊದಲು ಬೀಳುವುದು. ಮೈಸೂರಿನಲ್ಲಿ ಸೈಟು ಇರುವವರು ವರ್ಷಕ್ಕೊಮ್ಮೆ, ದಸರಾ ರಜೆಯಲ್ಲಾದರೂ, ಒಂದು ಸಲ ಅಲ್ಲಿಗೆ ಹೋಗಿ ನೋಡಿ ಬನ್ನಿ. ಅದೇ ವಾರ ಕಾವೇರಿಯಲ್ಲಿ ಹೊಸ ಇಸಿ ತೆಗೆಸಿ, ಕೊನೆಯ ನಮೂದು ನಿಮ್ಮದೇ ಕ್ರಯಪತ್ರವೇ ಎಂದು ಓದಿ ನೋಡಿ.